ಲಿಂಗದ ಚೀಲದೊಳಗಿನ ಬಿಲ್ಲೆ

ಜೂನ್ 3, ಸೋಮವಾರ

ಏಳು ಕುಲಾವಿ ಮುಗಿಯಿತು. ಎಂಟನೆಯದಕ್ಕೆ ಅಂಚು ಕಟ್ಟುವಾಗ ಸೂಜಿ ಮುರಿಯಿತು. ದೇವರಾಜ ಮೊಹಲ್ಲಾದ ಅಂಗಡಿಯವನಿಗೆ ನಾಳೆಯೇ ಒಂದು ಡಜನ್ ಬೇಕಂತೆ. ಕಾಯಲಿ.

ಲಾಸ್ಯ ಆಸ್ಪತ್ರೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು. ಮುಖ ಸುಣ್ಣದಂತಿತ್ತು. ನನ್ನ ಸೊಸೆ ಎಕ್ಸ್-ರೇ ಟೆಕ್ನಿಷಿಯನ್. ಆರು ತಿಂಗಳು ತುಂಬಿದ ಬಸುರಿ. ಮದುವೆಯಾಗಿ ಎಂಟು ವರ್ಷ. ಎರಡು ಸಲ ನಿಂತದ್ದು ಉಳಿಯಲಿಲ್ಲ. ಇದು ಉಳಿದಿದೆ.

"ಏನಾಯ್ತು ಕಣಮ್ಮ?"

"ಬ್ಯಾಡ್ಜ್ ರಿಪೋರ್ಟ್ ಬಂತು ಅತ್ತೆ."

ಅವರ ವಿಭಾಗದಲ್ಲಿ ಎಲ್ಲರೂ ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಾರೆ. ಮೈಗೆ ಎಷ್ಟು ರೇಡಿಯೇಷನ್ ಬಿತ್ತು ಅಂತ ಅದು ಹಿಡಿದಿಟ್ಟುಕೊಳ್ಳುತ್ತದಂತೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸುತ್ತಾರೆ. ಜನವರಿಯಿಂದ ಮಾರ್ಚ್‌ವರೆಗಿನದು ಈಗ ಬಂದಿದೆ. ಬಸುರಿಗೆ ಪೂರಾ ಒಂಬತ್ತು ತಿಂಗಳಿಗೂ ಸೇರಿಸಿ ಎಷ್ಟು ಮಿತಿಯೋ, ಆ ಮೂರು ತಿಂಗಳಲ್ಲೇ ಅಷ್ಟನ್ನೂ ದಾಟಿದೆ.

"ಬಸುರಿ ಅಂತ ತಿಳಿದ ದಿನದಿಂದ ನಾನು ಎಕ್ಸ್-ರೇ ರೂಮಿಗೆ ಕಾಲೇ ಇಟ್ಟಿಲ್ಲ. ಸಿದ್ದಲಿಂಗಸ್ವಾಮಿ ಸರ್ ನನ್ನ ರಿಜಿಸ್ಟರ್ ಬರಿಯೋಕೆ ಹಾಕವ್ರೆ. ಎಲ್ಲಿಂದ ಬಂತು ಅತ್ತೆ ಇದು?"

ಎಲ್ಲಿಂದ ಬರುತ್ತದೆ? ಗೋಡೆ ಸೋರುತ್ತಿರಬೇಕು. ಆ ಸಿದ್ದಲಿಂಗಸ್ವಾಮಿ ಇನ್‌ಚಾರ್ಜ್. ನೋಡಿಕೊಳ್ಳಬೇಕಾದವನು ಅವನು.

ಸಂಕ್ರಾಂತಿ ಕಳೆದ ವಾರವೇ ನಾನು ನನ್ನ ಕೈಲಾದ ರಕ್ಷಣೆ ಮಾಡಿದ್ದೆ, ಅದೊಂದು ಪುಣ್ಯ. ಮೃತ್ಯುಂಜಯ ಅನ್ನುವವನು ಬೋಗಾದಿಯ ನಮ್ಮ ಮಹಿಳಾ ಸಂಘದ ಸಭೆಗೆ ಬಂದಿದ್ದ. ಹಣೆ ತುಂಬ ವಿಭೂತಿ. ರಕ್ಷಾ ಬಿಲ್ಲೆ ತೋರಿಸಿದ — ಕಪ್ಪು ಕಲ್ಲಿನದು, ಬಿಸ್ಕತ್ತಿನ ಅಗಲ. ಜ್ವಾಲಾಮುಖಿಯ ಕಲ್ಲಂತೆ. ಮೊಬೈಲು, ಟವರು, ಎಕ್ಸ್-ರೇ, ಯಾವ ರೇಡಿಯೇಷನ್ನೂ ಹತ್ತಿರ ಸುಳಿಯುವುದಿಲ್ಲವಂತೆ. ಎರಡು ಕೊಂಡೆ. ಕೈಗೆ ಕೊಟ್ಟರೆ ಲಾಸ್ಯ ನಗುತ್ತಾಳೆ, ಬಿಸಾಕುತ್ತಾಳೆ. ಅದಕ್ಕೇ ಅವಳ ಇಷ್ಟಲಿಂಗಕ್ಕೆ ಹೊಸ ರೇಷ್ಮೆ ಚೀಲ ಹೊಲಿದೆ. ಎರಡು ಪದರ. ನಡುವೆ ಬಿಲ್ಲೆ. ಅದರೊಳಗೆ ಲಿಂಗವಿರುವ ಬೆಳ್ಳಿ ಕರಡಿಗೆ ಕೂರುತ್ತದೆ. ಪೂಜೆಗೆ ಕರಡಿಗೆ ತೆಗೆಯುತ್ತಾಳೆ, ಮತ್ತೆ ಚೀಲಕ್ಕೆ ಹಾಕಿ ಎದೆ ಮೇಲೆ ಇಳಿಬಿಡುತ್ತಾಳೆ. ಲಿಂಗ ಮೈ ಬಿಡಬಾರದು. ಹಗಲೂ ಬಿಡಬಾರದು, ರಾತ್ರಿಯೂ ಬಿಡಬಾರದು. ರಕ್ಷಣೆ ಇಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು?

ಅದೂ ಇಲ್ಲದಿದ್ದರೆ ಇನ್ನೆಷ್ಟು ಬೀಳುತ್ತಿತ್ತೋ.

ಜೂನ್ 5, ಬೆಳಿಗ್ಗೆ 11

ಆಸ್ಪತ್ರೆಗೆ ಹೋಗಿ ಬಂದೆ. ಲಾಸ್ಯಳಿಗೆ ಹೇಳಲಿಲ್ಲ.

ಸಿದ್ದಲಿಂಗಸ್ವಾಮಿ ಕಾರಿಡಾರಿನಲ್ಲೇ ಸಿಕ್ಕಿದ. ತೆಳ್ಳಗಿನ ಮನುಷ್ಯ, ಕನ್ನಡಕ ಮೂಗಿನ ತುದಿಯಲ್ಲಿ.

"ನನ್ ಸೊಸೇನ ಒಳಗೆ ನಿಲ್ಸಿ ಕೆಲಸ ಮಾಡಿಸ್ಬುಟ್ಟು ಈಗ ರಿಜಿಸ್ಟರ್ ಕತೆ ಹೇಳ್ತೀರಾ?"

"ಇಲ್ಲ ಕಣಮ್ಮ. ಡ್ಯೂಟಿ ಚಾರ್ಟ್ ನೋಡಿ ಬೇಕಾದ್ರೆ. ಗೋಡೆ ಸೋರ್ತದಾ ಅಂತ ಮೀಟರ್ ಹಿಡಿದು ಅಳೆದಿದೀವಿ. ಇನ್ನ ಆರು ಜನರ ಬ್ಯಾಡ್ಜು ಸರಿಯಾಗೇ ಇದೆ. ನಾನೂ ಅದೇ ಯೋಚ್ನೆ ಮಾಡ್ತಿದೀನಿ."

"ಯೋಚ್ನೆ ಮಾಡೋಕೆ ಮಗು ನಿಮ್ ಮನೇದಲ್ವಲ್ಲ."

ಅವನ ಮುಖ ಕೆಂಪಗಾಯಿತು. ಪಕ್ಕದಲ್ಲಿ ಇಬ್ಬರು ನರ್ಸುಗಳಿದ್ದರು. ಅವರ ಕಡೆ ತಿರುಗಿ ಅಂದ — "ಓದು ಬರಹ ಇಲ್ದೋರಿಗೆ ಇದನ್ನೆಲ್ಲ ಎಂಗೆ ಬಿಡಿಸಿ ಹೇಳೋದು ಹೇಳಿ."

ನರ್ಸುಗಳು ನಕ್ಕರು.

ಆರನೇ ಕ್ಲಾಸಿಗೆ ಬಿಡಿಸಿದರು, ನಿಜ. ಅಪ್ಪ ಬಿಡಿಸಿದ. ಆದರೆ ಅರ್ಜಿ ಬರೆಯುವಷ್ಟು ಬರುತ್ತದೆ. ನೋಡಲಿ.

ಜೂನ್ 10

ಬರೆದೆ. ನಾಲ್ಕು ಪುಟ. ಸೂಪರಿಂಟೆಂಡೆಂಟ್ ಟೇಬಲ್ ಮೇಲೆ ನಾನೇ ಇಟ್ಟೆ. ಬಸುರಿ ಹೆಂಗಸನ್ನು ಎಕ್ಸ್-ರೇ ಕೋಣೆಯಲ್ಲಿ ದುಡಿಸಿದ್ದಾನೆ, ಚಾರ್ಟ್ ಆಮೇಲೆ ತಿದ್ದಿದ್ದಾನೆ ಅಂತ ಬರೆದೆ. ತಿದ್ದಿದ್ದನ್ನು ನಾನು ಕಂಡಿಲ್ಲ. ಕಾಣಬೇಕಾಗಿಯೂ ಇಲ್ಲ. ರಿಪೋರ್ಟ್ ಇದೆಯಲ್ಲ.

ಪೇಪರಿನವರಿಗೂ ಒಂದು ಕಾಪಿ ಕೊಡುತ್ತೇನೆ ಅಂದೆ. ಸೂಪರಿಂಟೆಂಡೆಂಟ್ ತಕ್ಷಣ ಕುರ್ಚಿ ಎಳೆದು ಕೂರಿಸಿದ. ಕಾಫಿ ತರಿಸಿದ. ಕುಡಿಯಲಿಲ್ಲ.

ಪಕ್ಕದ ಮನೆ ಮಂಜುಳಮ್ಮನಿಗೂ ಹೇಳಿದೆ. ಅವಳಿಗೆ ಹೇಳಿದರೆ ಮಠದ ದಾಸೋಹದ ಪಂಕ್ತಿ ಪೂರ್ತಿ ಹೇಳಿದ ಹಾಗೆ. ಸಿದ್ದಲಿಂಗಸ್ವಾಮಿಯ ಹೆಂಡತಿ ಪ್ರತಿ ಸೋಮವಾರ ಅಲ್ಲಿ ಬಡಿಸಲು ಬರುತ್ತಾಳೆ.

ಲಾಸ್ಯಳಿಗೆ ಸಂಜೆ ಗೊತ್ತಾಯಿತು. "ಅವರು ಒಳ್ಳೆಯೋರು ಅತ್ತೆ" ಅಂದಳು, ಅಷ್ಟೇ. ಊಟ ಮಾಡಲಿಲ್ಲ. ಎದೆಯ ಮೇಲೆ ಚೀಲ ಕೂರುವ ಜಾಗದಲ್ಲಿ ಕೆಂಪು ಗುಳ್ಳೆ ಎದ್ದಿದೆ. ಬೆವರುಸಾಲೆ. ಚಂದನ ತೇಯ್ದು ಹಚ್ಚಿದೆ.

ಜೂನ್ 20, ಗುರುವಾರ

ಕಳಿಸಿಬಿಟ್ಟರು ಅವನನ್ನು. ವಿಚಾರಣೆ ಮುಗಿಯುವವರೆಗೂ ರಜೆ. ಇನ್‌ಚಾರ್ಜ್ ಬೇರೆಯವರಿಗೆ. ಬೀಗದ ಕೈಗಳನ್ನು ಎಲ್ಲರೆದುರು ಎಣಿಸಿ ಕೊಟ್ಟನಂತೆ. ಇನ್ನೆರಡು ವರ್ಷಕ್ಕೆ ರಿಟೈರ್ಡ್ ಆಗುವವನು. ಅವನ ಹೆಂಡತಿ ಬಡಿಸಲು ಬಂದರೆ ಸಾಲಿನ ಹೆಂಗಸರು ಎಲೆ ಮುಚ್ಚಿಕೊಂಡರಂತೆ. ಮಂಜುಳಮ್ಮ ಬಂದು ಹೇಳಿದಳು.

ಹೋಳಿಗೆ ಮಾಡಿದೆ. ಕಾಯಿ ಹೋಳಿಗೆ. ನಾಲ್ಕು ತಿಂದೆ.

ಓದು ಬರಹ ಇಲ್ಲದವಳು.

ಜುಲೈ 8

ಹದಿನಾಲ್ಕಕ್ಕೆ ಮಠದಿಂದ ಅಯ್ಯನವರು ಬರುತ್ತಾರೆ. ಎಂಟನೆಯ ತಿಂಗಳು, ಗರ್ಭದ ಕೂಸಿಗೆ ಲಿಂಗಧಾರಣೆ. ಹುಟ್ಟುವ ಮೊದಲೇ ಕೂಸಿನ ಲಿಂಗವನ್ನು ತಾಯಿಗೆ ಕಟ್ಟುತ್ತಾರೆ. ಹುಟ್ಟಿದ ಮೇಲೆ ಕೂಸಿಗೇ. ಪುಟ್ಟ ಚೀಲ ಹೊಲಿಯಲು ಕೂತೆ. ಇದಕ್ಕೂ ಒಂದು ಬಿಲ್ಲೆ ತೆಗೆದಿಟ್ಟಿದ್ದೆ.

ಲಾಸ್ಯ ಮಧ್ಯಾಹ್ನವೇ ಬಂದಳು. ಬಾಗಿಲು ತೆರೆದೇ ಇತ್ತು. ಬಿಲ್ಲೆ ನನ್ನ ತೊಡೆಯ ಮೇಲೆ.

"ಇದೇನತ್ತೆ?"

ಹೇಳಿದೆ. ಮುಚ್ಚಿಡುವುದೇನಿದೆ, ಒಳ್ಳೆಯದಕ್ಕೇ ಮಾಡಿದ್ದು. ಅವಳದರಲ್ಲೂ ಇದೆ, ಜನವರಿಯಿಂದ ಇದೆ ಅಂದೆ.

ಕತ್ತಿನಿಂದ ಚೀಲ ತೆಗೆದಳು. ಕರಡಿಗೆ ಹೊರಗೆ ತೆಗೆದು ಕಣ್ಣಿಗೊತ್ತಿಕೊಂಡು ಬೇರೆ ಬಟ್ಟೆಯಲ್ಲಿ ಕಟ್ಟಿಕೊಂಡಳು. ಚೀಲವನ್ನು ನನ್ನ ಕತ್ತರಿಯಿಂದಲೇ ಸೀಳಿದಳು. ಬಿಲ್ಲೆಗಳೆರಡನ್ನೂ ಸ್ಟೀಲ್ ಡಬ್ಬಿಗೆ ಹಾಕಿ ಹಿತ್ತಲಿಗೆ ಇಟ್ಟು ಬಂದಳು.

ಅವಳು ಬಯ್ದಿದ್ದರೆ ನಾನೂ ತಿರುಗಿ ಬಯ್ಯಬಹುದಿತ್ತು.

ಜುಲೈ 9, ರಾತ್ರಿ

ಲಾಸ್ಯ ಡಬ್ಬಿಯನ್ನು ಆಸ್ಪತ್ರೆಗೆ ಒಯ್ದು, ಊಟದ ಬಿಡುವಿನಲ್ಲಿ ಅಲ್ಲಿನ ಮೀಟರ್ ಹಿಡಿದು ನೋಡಿದಳಂತೆ. ಸುಮ್ಮನೆ ಇಟ್ಟರೆ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುವ ಮೀಟರು. ಬಿಲ್ಲೆ ಹತ್ತಿರ ತಂದರೆ ಸಾಸಿವೆ ಸಿಡಿದ ಹಾಗೆ.

"ಥೋರಿಯಂ ಇರ್ಬೇಕು ಅತ್ತೆ. ರೇಡಿಯೇಷನ್ ತಡೆಯೋದಲ್ಲ, ಬುಡೋದು. ನಾನು ಎಕ್ಸ್-ರೇ ರೂಮಿಂದ ತಪ್ಪಿಸ್ಕೊಂಡು ಕೂತಿದ್ದೆ. ಇದು ಎದೆ ಮೇಲೆ ಕೂತಿತ್ತು."

"ಎಕ್ಸ್-ರೇಗಿಂತ ಜಾಸ್ತಿನಾ?"

"ಎಕ್ಸ್-ರೇ ಕಣ್ ಮಿಟುಕಿಸೋದ್ರೊಳಗೆ ಮುಗೀತದೆ. ಬಟನ್ ಬುಟ್ರೆ ನಿಂತ್ಹೋಯ್ತದೆ. ಇದಕ್ಕೆ ಬಟನ್ ಇಲ್ಲ ಅತ್ತೆ. ಬ್ಯಾಡ್ಜ್ ನಾನು ಸಂಜೆ ಆಸ್ಪತ್ರೆಯಲ್ಲೇ ಬುಟ್ಟು ಬರ್ತೀನಿ. ರಿಪೋರ್ಟಲ್ಲಿ ಇರೋದು ಹಗಲಿಂದು ಮಾತ್ರ."

ರಾತ್ರಿಯದು ಲೆಕ್ಕಕ್ಕೇ ಸಿಕ್ಕಿಲ್ಲ. ಆರು ತಿಂಗಳ ರಾತ್ರಿ. ಎಡ ಮಗ್ಗುಲಿಗೆ ಮಲಗು, ಕೂಸಿಗೆ ಒಳ್ಳೆಯದು ಅಂತ ನಾನೇ ಹೇಳುತ್ತಿದ್ದೆ.

ಎದ್ದು ಹೋಗಿ ಹಿತ್ತಲಿನ ಡಬ್ಬಿಯಿಂದ ಎರಡೂ ಬಿಲ್ಲೆ ಒರಳಿಗೆ ಸುರಿದೆ. ಹಾರೆ ಎತ್ತಿದೆ. ಪುಡಿ ಪುಡಿ ಮಾಡಿ ಚರಂಡಿಗೆ ಬಿಡಬೇಕು. ಲಾಸ್ಯ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. ಆ ಹೊಟ್ಟೆ ಹೊತ್ತುಕೊಂಡು ಓಡಿ ಬಂದಳು.

"ಕುಟ್ಟಬೇಡಿ. ಪುಡಿ ಮೂಗಿಗೆ ಹೋದ್ರೆ ಒಳಗೇ ಕೂತ್ಕೊಳ್ತದೆ, ಸಾಯೋವರೆಗೂ. ಇಡಿಯಾಗಿದ್ದಾಗ ದೂರ ಇಟ್ರೆ ಸಾಕು."

ಹಾರೆ ಇಳಿಸಿದೆ. ಅವಳು ನನ್ನ ಕೈ ಬಿಡಲಿಲ್ಲ. ಬಹಳ ಹೊತ್ತು.

ಜುಲೈ 11

ಲೇಡಿ ಡಾಕ್ಟರ ಬಳಿ ಹೋದೆವು. ಸ್ಕ್ಯಾನಿಂಗ್ ಅಂದರು. ಅದು ಬರೀ ಶಬ್ದ, ರೇಡಿಯೇಷನ್ ಅಲ್ಲ ಅಂತ ಲಾಸ್ಯ ಮೊದಲೇ ಹೇಳಿದಳು. ಇಲ್ಲದಿದ್ದರೆ ಅಲ್ಲೂ ಜಗಳ ತೆಗೆಯುತ್ತಿದ್ದೆ.

ಕೂಸು ಬೆಳೆದಿದೆ. ಎದೆಬಡಿತ ಸರಿಯಿದೆ. "ಎದೆಗೂ ಹೊಟ್ಟೆಗೂ ಒಂದು ಗೇಣು ದೂರ. ದೂರ ಹೋದಷ್ಟೂ ಬೇಗ ಕಡಿಮೆಯಾಗುತ್ತೆ. ಅಂಗ ಊನ ಆಗೋವಷ್ಟು ಪ್ರಮಾಣ ಇದಲ್ಲ" ಅಂದರು ಡಾಕ್ಟರು.

"ಅಂದ್ರೆ ಏನೂ ಆಗಲ್ವಾ?"

"ಆಗದೇ ಇರೋ ಸಾಧ್ಯತೆಯೇ ತುಂಬ ತುಂಬ ಜಾಸ್ತಿ ಕಣಮ್ಮ. ಏನೇನೂ ಇಲ್ಲ ಅಂತ ಯಾವ ಡಾಕ್ಟರೂ ಬರೆದು ಕೊಡಲ್ಲ. ನೆಲದಿಂದ, ಆಕಾಶದಿಂದ ಎಲ್ಲರಿಗೂ ದಿನಾ ಸ್ವಲ್ಪ ಬೀಳುತ್ತೆ. ಇದು ಅದರ ಮೇಲೆ ಬೇಡದೇ ಇದ್ದದ್ದು."

ಬೇಡದೇ ಇದ್ದದ್ದು. ನಾನು ಹೊಲಿದದ್ದು.

ಜುಲೈ 13, ಶನಿವಾರ

ಮೃತ್ಯುಂಜಯನ ಅಂಗಡಿ ವಿದ್ಯಾರಣ್ಯಪುರಂನಲ್ಲಿ. ಮಂಜುಳಮ್ಮನನ್ನೂ ಸಂಘದ ಒಂಬತ್ತು ಹೆಂಗಸರನ್ನೂ ಕರೆದುಕೊಂಡು ಹೋದೆ. ಎಲ್ಲರ ಹತ್ತಿರವೂ ಬಿಲ್ಲೆ ಇದೆ.

"ಗರ್ಭಿಣೀರು ಬಳಸಬಾರ್ದು ಅಂತ ಡಬ್ಬಿ ಮೇಲೆ ಬರೆದಿದೆ ಕಣಮ್ಮ. ಓದ್ಲಿಲ್ವಾ?"

ಡಬ್ಬಿ ತಿರುಗಿಸಿದೆ. ಇರುವೆ ಗಾತ್ರದ ಇಂಗ್ಲಿಷ್.

"ನಿನ್ ಕತ್ತಲ್ಲಿ ಎಲ್ಲಿ?" ಅಂದೆ.

"ಏನು?"

"ಬಿಲ್ಲೆ. ನಮಗೆಲ್ಲ ಹಾಕಿದ್ಯಲ್ಲ. ನಿನ್ದೆಲ್ಲಿ? ನಿನ್ ಹೆಂಡ್ತೀದೆಲ್ಲಿ?"

ಅವನ ಕೈ ತಾನಾಗಿ ಕತ್ತಿಗೆ ಹೋಯಿತು. ಅಲ್ಲಿ ಚಿನ್ನದ ಸರ ಮಾತ್ರ. ಮಂಜುಳಮ್ಮ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅವನು ಷಟರ್ ಎಳೆಯಲು ನೋಡಿದ. ಕೆಳಗೆ ನನ್ನ ಕಾಲು ಇಟ್ಟೆ. ಸ್ಟೇಷನ್ನಿನವರು ಬರುವವರೆಗೂ ತೆಗೆಯಲಿಲ್ಲ. ಹೆಬ್ಬೆರಳು ಕಪ್ಪಾಗಿದೆ. ಕಂಪ್ಲೇಂಟ್ ಬರೆಸಿದೆವು. ಅಂಗಡಿಗೆ ಬೀಗ.

ಮನೆಗೆ ಬಂದೆ. ಹೋಳಿಗೆ ಮಾಡುವ ಮನಸ್ಸಾಗಲಿಲ್ಲ.

ನಾಳೆ ಅಯ್ಯನವರು ಬರುತ್ತಾರೆ. ಚೀಲ ನೀವೇ ಹೊಲಿಯಿರಿ ಅಂದಳು ಲಾಸ್ಯ. ಒಂದೇ ಪದರ. ಹೊಲಿದೆ.

ಜುಲೈ 27

ಹದಿನಾಲ್ಕು ದಿನ ಬರೆಯಲಿಲ್ಲ. ಬರೆಯುವುದು ಒಂದೇ ಇತ್ತು, ಬರೆಯಲು ಇಷ್ಟವಿರಲಿಲ್ಲ.

ಸೋಮವಾರ ಸಿದ್ದಲಿಂಗಸ್ವಾಮಿಯ ವಿಚಾರಣೆ. ಲಾಸ್ಯ ಮೀಟರ್ ಹಿಡಿದದ್ದು ನಮ್ಮವರಿಗೆ ಮಾತ್ರ ಗೊತ್ತು. ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮಗ ನಾಗಾರ್ಜುನ ಅನ್ನುತ್ತಾನೆ — "ಸುಮ್ನಿರವ್ವ. ಸುಳ್ಳು ಅರ್ಜಿ ಅಂತಾದ್ರೆ ನಿನ್ ಮೇಲೇ ಕೇಸು. ಇವಳ ಕೆಲಸಾನೂ ಹೋಯ್ತದೆ. ಆ ಮನುಷ್ಯ ಹೆಂಗೂ ರಿಟೈರ್ಡ್ ಆಗೋನು."

ನನ್ನ ಮಗ ಹೆದರುಪುಕ್ಕಲ. ನಾನಲ್ಲ. ಕೇಸಿಗೆ ಹೆದರುವುದಿಲ್ಲ.

ಬೇರೆಯದೇ ಇದೆ. ಹೋಗಿ ನಿಜ ಹೇಳಿದರೆ, ಅವನು ಆ ನರ್ಸುಗಳ ಮುಂದೆ ಹೇಳಿದ್ದು ನಿಜ ಅಂತ ನಾನೇ ಸಹಿ ಹಾಕಿದ ಹಾಗೆ. ಓದು ಬರಹ ಇಲ್ಲದವಳು ಮಾಡಿದ ಕೆಲಸ ನೋಡಿ, ಅಂತಾರೆ. ಮತ್ತೆ ನಗುತ್ತಾರೆ. ಅದೊಂದು ಗಂಟಲಿನಿಂದ ಇಳಿಯುತ್ತಿಲ್ಲ.

ಲಾಸ್ಯ ಒತ್ತಾಯ ಮಾಡಲಿಲ್ಲ. "ನಾನು ಹೇಳ್ತೀನಿ ಅತ್ತೆ. ನಿಮ್ಮ ಹೆಸರು ಎತ್ತಲ್ಲ. ನಾನೇ ಬಿಲ್ಲೆ ಹಾಕ್ಕೊಂಡಿದ್ದೆ ಅಂತೀನಿ" ಅಂದಳು.

ಎಕ್ಸ್-ರೇ ಓದಿದವಳು ಅಂಥದ್ದನ್ನು ಹಾಕಿಕೊಂಡಿದ್ದಳು ಅಂದರೆ ಅವಳಿಗೆ ಆ ಕೆಲಸದಲ್ಲಿ ಮತ್ತೆ ಯಾರು ಬೆಲೆ ಕೊಡುತ್ತಾರೆ?

"ಬಾಯ್ ಮುಚ್ಚು" ಅಂದೆ. ಅಂದದ್ದು ಜೋರಾಯಿತು.

ಜುಲೈ 29, ಸೋಮವಾರ, 10.20

ಆಸ್ಪತ್ರೆಯ ಬೆಂಚು. ಸೂಪರಿಂಟೆಂಡೆಂಟ್ ಬಾಗಿಲ ಮುಂದೆ. ಲಾಸ್ಯಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಹೊರಗಿನಿಂದ ಚಿಲಕ ಹಾಕಿ. ಮಂಜುಳಮ್ಮನಿಗೆ ಅರ್ಧ ಗಂಟೆ ಬಿಟ್ಟು ತೆಗೆ ಅಂದಿದ್ದೇನೆ.

ಕೈಚೀಲದಲ್ಲಿ ಎರಡು ಪುಟ. ಮೊದಲ ಅರ್ಜಿ ನಾಲ್ಕು ಪುಟವಿತ್ತು. ನಿಜಕ್ಕೆ ಎರಡೇ ಸಾಕಾಯಿತು. ಚಾರ್ಟ್ ತಿದ್ದಿದ್ದು ನಾನು ಕಂಡಿಲ್ಲ ಅಂತಲೂ ಬರೆದಿದ್ದೇನೆ. ಮಾಫಿ ಅನ್ನುವ ಮಾತು ಬರೆದಿಲ್ಲ. ನಿಜ ಹೇಳುತ್ತೇನೆ. ಆಮೇಲೆ ಅವನು ಆ ಮಾತಿಗೆ ಎಲ್ಲರೆದುರು ಮಾಫಿ ಕೇಳಲಿ. ಕೇಳಿಸದೆ ಬಿಡುವುದಿಲ್ಲ.

10.35

ಬಂದ. ಸೊರಗಿದ್ದಾನೆ. ಅಂಗಿಯ ಕಾಲರು ಕತ್ತಿಗೆ ಸಡಿಲ. ಬೇರೆ ಕಡೆ ಹೋಗಿ ಕೂರಲಿ ಅಂತ ಕೈಚೀಲವನ್ನು ಪಕ್ಕದಲ್ಲಿ ಇಟ್ಟೆ. ಅದರ ಆಚೆ ಕೂತ.

"ಲಾಸ್ಯ ಎಂಗವ್ಳೆ? ಮಗು?"

"ಇದೆ" ಅಂದೆ.

"ರಜೇಲಿ ಕೂತು ಅದನ್ನೇ ಯೋಚ್ನೆ ಮಾಡ್ತಿದ್ದೆ ಕಣಮ್ಮ. ಒಂದೇ ಬ್ಯಾಡ್ಜ್ ಯಾಕೆ ಅಂತ. ಗೋಡೆ ಮತ್ತೊಂದ್ಸಲ ಅಳೀರಿ ಅಂತ ಎರಡು ಲೆಟರ್ ಬರೆದೆ. ಯಾರೂ ಅಳೀಲಿಲ್ಲ."

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಅವತ್ತು ಕಾರಿಡಾರಲ್ಲಿ ನಾನಂಗೆ ಅನ್ನಬಾರ್ದಿತ್ತು. ನಮ್ಮವ್ವನೂ ಶಾಲೆಗೆ ಹೋದೋಳಲ್ಲ. ತಪ್ಪಾಯ್ತು."

ಮಾಫಿ ಕೇಳಿಬಿಟ್ಟ. ನಾನು ಬಾಯಿ ತೆರೆಯುವ ಮೊದಲೇ. ಯಾರೂ ಇಲ್ಲದ ಕಡೆ, ನಿಜ ಗೊತ್ತಾಗುವ ಮೊದಲೇ. ಇಷ್ಟು ದಿನ ಬೈದು ಹಲ್ಲು ಕಡಿಯಲು ಅದೊಂದು ಇತ್ತು ನನಗೆ. ಅದನ್ನೂ ತೆಗೆದುಕೊಂಡುಬಿಟ್ಟ.

ಮುಖ ನೋಡಲಾಗದೆ ಇದನ್ನು ಬರೆಯುತ್ತಾ ಕೂತಿದ್ದೇನೆ. ಏನಮ್ಮ ಬರೀತಿದೀರಾ ಅನ್ನುತ್ತಿದ್ದಾನೆ. ಬಾಗಿಲು ತೆರೆಯಿತು. ಪ್ಯೂನ್ ಅವನ ಹೆಸರು ಕೂಗಿದ. ಏಳುತ್ತಿದ್ದಾನೆ. ತಡೀರಿ ಅಂದೆ. ಮೊದಲು ನಾನು ಹೋಗ್ತೀನಿ ಅಂದೆ. ಅದಕ್ಕೂ ಮೊದಲು ನಿಮಗೆ ಒಂದು —