ಮುನ್ನೂರ ನಲವತ್ತು ಕಿಲೋಮೀಟರ್, ಐವತ್ತು ನಿಮಿಷ

ಮನೆಯಿಂದ,
ಸೋಮವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ತಮ್ಮನಿಗೆ,

ಪ್ರೀತಿಯ ಅನ್ನುವುದು ರೂಢಿಗೆ ಬರೆದದ್ದು, ಹಿಗ್ಗಬೇಡ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹೇಗಿದ್ದೀಯ ಎಂದು ಕೇಳುವುದಿಲ್ಲ, ಕಣ್ಣಾರೆ ನೋಡಿದ್ದೇನಲ್ಲ. ಕೆನ್ನೆ ತುಂಬಿಕೊಂಡಿದೆ, ಕೋಟಿನ ಗುಂಡಿ ಹೊಟ್ಟೆಯ ಮೇಲೆ ಬಿಗಿಯುತ್ತಿದೆ. ಅಮ್ಮನ ಮಂಡಿ ಆಪರೇಷನ್ ಆಗಿ ವರ್ಷವಾಯಿತು. ಈಗ ಕೋಲು ಹಿಡಿದು ಬಚ್ಚಲಿನವರೆಗೆ ಹೋಗುತ್ತಾಳೆ. ನೀನು ಕೇಳಲಿಲ್ಲ, ನಾನೇ ಹೇಳಿದೆ.

ಶನಿವಾರ ಬೆಳಿಗ್ಗೆ ನಿಮ್ಮೂರಿನ ಆಸ್ಪತ್ರೆಯೊಂದರ ಲಿಫ್ಟು ಕೈಕೊಟ್ಟಿತೆಂದು ಕಂಪನಿಯವರು ನನ್ನನ್ನು ವಿಮಾನದಲ್ಲಿ ಕಳಿಸಿದರು. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿದವಳಿಗೆ ಮೇಲೆ ಹೋಗುವುದೇನೂ ಹೊಸದಲ್ಲ, ಆದರೂ ನನ್ನ ಸೀಟಿನ ಬೆಲ್ಟು ಯಾವುದೆಂದು ಗೊತ್ತಾಗದೆ ಪಕ್ಕದ ಹೆಂಗಸಿನ ಬೆಲ್ಟನ್ನು ಎಳೆದಾಡಿ ಬೈಸಿಕೊಂಡೆ. ಆಗ ಮೈಕಿನಲ್ಲಿ ಜೇನು ಸವರಿದಂಥ ದನಿ ಬಂತು: “ಪ್ರಯಾಣದ ದೂರ ಮುನ್ನೂರ ನಲವತ್ತು ಕಿಲೋಮೀಟರ್. ಹಾರಾಟದ ಸಮಯ ಐವತ್ತು ನಿಮಿಷ.” ನನ್ನ ಜಡೆ ಎಳೆದು ಅಪ್ಪನ ಮುಂದೆ ನಾನಲ್ಲ ನಾನಲ್ಲ ಎನ್ನುತ್ತಿದ್ದ ದನಿ. ಕತ್ತು ಉದ್ದ ಮಾಡಿ ನೋಡಿದರೆ ನೀನೇ.

ಟಿಕೆಟ್ ಕೌಂಟರಿನಲ್ಲಿ ಕೆಲಸ, ಕುರ್ಚಿಯಿಂದ ಏಳಲೂ ಪುರುಸೊತ್ತಿಲ್ಲ ಅಂದಿದ್ದೆಯಲ್ಲ? ಆಪರೇಷನ್ ದಿನ ಫೋನಿನಲ್ಲಿ, “ಅಕ್ಕಾ, ಬೆಟ್ಟ ಸುತ್ತಿ ಬರ್ಬೇಕು, ಬಸ್ಸಲ್ಲಿ ಒಂದು ರಾತ್ರಿ, ಅರ್ಧ ಹಗಲು. ಬಂದು ಹೋಗೋದ್ರಲ್ಲೇ ರಜೆ ಮುಗಿಯುತ್ತೆ” ಎಂದು ಅಳುದನಿ ತೆಗೆದೆ. ಅಮ್ಮ ಆ ನೋವಿನಲ್ಲೂ “ಪಾಪ, ಮಗೂಗೆ ದೂರ ಆಗುತ್ತೆ, ಬಲವಂತ ಮಾಡ್ಬೇಡ” ಅಂದಳು.

ಅಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ನೀನು ಗಾಡಿ ತಳ್ಳಿಕೊಂಡು ಬಂದೆ, ನನ್ನ ಮುಖ ನೋಡಿದೆ, ಕಿವಿ ಕೆಂಪಾಯಿತು, ಆಮೇಲೆ “ಏನ್ ಕೊಡಲಿ ಮೇಡಂ?” ಅಂದೆ. ಮೇಡಂ! ನಿನ್ನ ಮೂಗು ಒರೆಸಿ ಸ್ಕೂಲಿಗೆ ಎಳೆದುಕೊಂಡು ಹೋದವಳು ನಾನು. “ಅಮ್ಮ ಬದುಕಿದ್ದಾಳಾ ಅಂತ ಕೇಳಲ್ವೇನೋ?” ಎಂದು ನಾನು ಇಡೀ ವಿಮಾನಕ್ಕೆ ಕೇಳುವಂತೆ ಕೂಗಿದೆ. ನಿನ್ನ ಕೈಲಿದ್ದ ನೀರೆಲ್ಲ ಪಕ್ಕದ ಹೆಂಗಸಿನ ಮಡಿಲಿಗೆ. ಬೈಗುಳ ಮತ್ತೆ ನನಗೆ. ಪರದೆಯ ಹಿಂದೆ ಹೋದವನು ನೀನು ಹೊರಗೆ ಬರಲೇ ಇಲ್ಲ. ಇಳಿಯುವಾಗ ಬಾಗಿಲಲ್ಲಿ ನಿಂತಿದ್ದ ನಿನ್ನ ಜೊತೆಯ ಹುಡುಗಿಯನ್ನು ವಿಚಾರಿಸಿದೆ. “ಅವ್ರಿಗೆ ಈ ರೂಟೇ ಇಷ್ಟ, ಎರಡು ವರ್ಷದಿಂದ ಬಿಟ್ಟುಕೊಟ್ಟಿಲ್ಲ” ಅಂದಳು. ಎರಡು ವರ್ಷ ದಿನಾ ನಮ್ಮೂರಲ್ಲಿ ಇಳಿದು, ಅರ್ಧ ಗಂಟೆ ಕಾಲು ಚಾಚಿ, ವಾಪಸ್ಸು ಹಾರಿದ್ದೀಯ. ನಮ್ಮ ಸೂರಿನ ಮೇಲೆ ಆ ಸದ್ದು ಹಾದಾಗಲೆಲ್ಲ ಅಮ್ಮ ಕಿವಿ ಮುಚ್ಚಿಕೊಳ್ಳುತ್ತಾಳೆ ಕಣೋ. ನಮ್ಮನ್ನು ಕಂಡರೆ ನಾಚಿಕೆಯೋ, ಕಾಯಿಲೆ ಮನೆ ಅಂದರೆ ಹೇಸಿಗೆಯೋ, ಕಾರಣ ನೀನೇ ಇಟ್ಟುಕೋ.

ನಿನ್ನ ಮುಖ ಮತ್ತೆ ನೋಡಬಾರದೆಂದು ವಾಪಸ್ಸು ಬಸ್ಸಿನಲ್ಲೇ ಬಂದೆ. ಅಮ್ಮನಿಗೆ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. “ಐವತ್ತು ನಿಮಿಷಾನಾ?” ಎಂದು ಎರಡು ಸಲ ಕೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ದೊಡ್ಡವಳಾಗಿ ಹರಸಬೇಕು, ಬಾಯಿ ಬರುತ್ತಿಲ್ಲ. ಬದುಕಿಕೋ.

ಇಂತಿ,
ನಿನ್ನ ಅಕ್ಕ

ಮರೆತೆ, ಅಂಚೆಗೆ ಹಾಕುವ ಮೊದಲು ಇದೊಂದು: ಅಮ್ಮ ಬೆಳಿಗ್ಗೆ ಎದ್ದವಳೇ ಬಟ್ಟೆ ಜೋಡಿಸಿಕೊಂಡಿದ್ದಾಳೆ. ಬರುವ ಭಾನುವಾರ ನಿನ್ನ ವಿಮಾನ ಹತ್ತುತ್ತಾಳೆ. ಗಾಲಿಕುರ್ಚಿಗೆ ಹೇಳಿದ್ದೇನೆ, ಇಳಿಸಿಕೊಳ್ಳುವುದು ನಿನಗೆ ಬಿಟ್ಟದ್ದು. ಹೋಗಿ ಬರುವ ಟಿಕೆಟ್ ತೆಗೆಯಲು ಹೊರಟಿದ್ದೆ. “ಬರೋದು ಬೇಡ ಕಣೇ, ಹೋಗೋದು ಮಾತ್ರ ತೆಗಿ” ಅಂದಳು.