ಹೋಲಿಕೆಗೆ ಕೊಟ್ಟ ರಕ್ತ

ಮಾರ್ಚ್ 3, ಬೆಳಿಗ್ಗೆ

ಅಕ್ಕ ಇವತ್ತು ಬಾಚಣಿಗೆಯನ್ನು ಬೆರಳಲ್ಲಿ ಹಿಡಿಯಲಿಲ್ಲ. ಎರಡು ಅಂಗೈಗಳ ನಡುವೆ ಒತ್ತಿಕೊಂಡು, ತಲೆಯನ್ನೇ ಅದರತ್ತ ಬಗ್ಗಿಸಿದಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. “ಏನೇ, ಇಲ್ಲೂ ಪ್ರೂಫ್ ನೋಡ್ತಿದೀಯಾ? ತಪ್ಪಿದ್ರೆ ತಿದ್ದಿಬಿಡು” ಅಂದಳು. ನಕ್ಕೆ. ಬಾಚಿಕೊಡಲಾ ಅಂತ ಕೇಳಲು ಬಾಯಿ ಬರಲಿಲ್ಲ. ಪ್ರೆಸ್ಸಿಗೆ ಹೊರಟುಬಿಟ್ಟೆ.

ಚರ್ಮ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಮೈ ಕಾಯಬೇಕಾದದ್ದೇ ಮೈಯನ್ನು ತಿನ್ನುವುದು — ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅದು ಸಾಲದೆಂದು ಎದೆಯಲ್ಲಿ ಕ್ಯಾನ್ಸರಿನ ಗಂಟು. ಗಂಟು ತೆಗೆದಾಯಿತು, ಗಾಯ ಒಣಗಿತು. ಇನ್ನು ರೇಡಿಯೇಷನ್. ಭಾವ ಅದನ್ನು ‘ಕರೆಂಟು’ ಅನ್ನುತ್ತಾರೆ. ಕೊಡದಿದ್ದರೆ ಗಂಟು ಮರಳಬಹುದು. ಕೊಟ್ಟರೆ ಅವಳ ಚರ್ಮ, ಅದರಡಿಯ ಶ್ವಾಸಕೋಶ ತಡೆಯದೆ ಹೋಗಬಹುದು...

ಮಾರ್ಚ್ 5

ರೇಡಿಯೇಷನ್ ಡಾಕ್ಟರು ಮಾತಾಡುವಾಗ ಪೆನ್ನಿನ ಕ್ಯಾಪು ತೆಗೆಯುತ್ತ ಹಾಕುತ್ತ ಇರುತ್ತಾರೆ.

“ಈ ಕಾಯಿಲೆ ಇರೋ ಕೆಲವರಿಗೆ ಏಟು ಜಾಸ್ತಿ ಬೀಳುತ್ತೆ. ಎಲ್ಲರಿಗೂ ಅಲ್ಲ. ನಿಮಗೆ ಹೇಗೆ ಅಂತ ಮೊದಲೇ ಹೇಳೋಕಾಗಲ್ಲ.”

“ಏನಾದ್ರೂ ಟೆಸ್ಟು ಇಲ್ವಾ ಸಾರ್?” ಭಾವ.

ಒಂದಿದೆಯಂತೆ. ಮೇಲಿನ ಮಹಡಿಯ ಲ್ಯಾಬಿನವರು ಸಂಶೋಧನೆಗೆಂದು ಮಾಡುತ್ತಾರೆ. ರಕ್ತದ ಮೇಲೆ ಕಿರಣ ಹಾಯಿಸಿ, ಕ್ರೋಮೋಸೋಮುಗಳು ಎಷ್ಟು ಮುರಿಯುತ್ತವೆಂದು ನೋಡುವುದು. “ಅದನ್ನೇ ನಂಬಿ ಕೂರಬೇಡಿ. ಒಂದು ಸುಳಿವು ಸಿಗಬಹುದು, ಅಷ್ಟೇ” ಅಂದರು ಡಾಕ್ಟರು.

ಮೇಲೆ ಲ್ಯಾಬಿಗೆ ಹೋದೆವು. ಅಲ್ಲಿನ ಮೇಡಂಗೆ ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತವೂ ಬೇಕು. ಭಾವ ಆಗಲೇ ಅಂಗಿಯ ತೋಳು ಮಡಚಿದ್ದರು.

“ಸಿಗರೇಟ್ ಸೇದ್ತೀರಾ?”

ಭಾವ ಅಕ್ಕನ ಮುಖ ನೋಡಿದರು. “ಯಾವಾಗಲೋ ಒಂದು...”

“ಯಾವಾಗಲೋ ಒಂದು ಸೇದದೆ ಇರ್ತಾರೆ ಮೇಡಂ” ಅಂದಳು ಅಕ್ಕ.

ಹೊಗೆಯೂ ಕ್ರೋಮೋಸೋಮನ್ನು ಮುರಿಯುತ್ತದಂತೆ. ಭಾವ ತೋಳು ಇಳಿಸಿದರು. ಎಲ್ಲರೂ ನನ್ನತ್ತ ತಿರುಗಿದರು. “ತಗೊಳ್ಳಿ ಮೇಡಂ. ಮನೇಲಿ ಒಂದು ಕೆಮ್ಮೂ ಬಾರದ ಪ್ರಾಣಿ ಅಂದ್ರೆ ಇವಳೇ” ಅಂದಳು ಅಕ್ಕ.

ಮೆಟ್ಟಿಲಿಳಿಯುವಾಗ ಅಕ್ಕ ನಿಂತಳು. “ನಿನ್ನದರ ಹಾಗೇ ನಂದೂ ಇದ್ರೆ ಕಣ್ಣು ಮುಚ್ಕೊಂಡು ಕರೆಂಟಿಗೆ ಮಲಗ್ತೀನಿ. ಇಲ್ದಿದ್ರೆ ಬೇಡ. ಮತ್ತೆ ಯಾರೂ ನನ್ನ ತಲೆ ತಿನ್ನಬಾರದು.”

ಮಾರ್ಚ್ 6

ರಕ್ತ ಕೊಟ್ಟೆವು. ಅಕ್ಕನ ತೋಳಲ್ಲಿ ಸೂಜಿಗೆ ಜಾಗವೇ ಸಿಗದು. ನನ್ನದು ಒಂದೇ ಸಲಕ್ಕೆ ಬಂತು. ನಾಚಿಕೆಯಾಯಿತು.

ಪ್ರತಿಯೊಬ್ಬರ ರಕ್ತವನ್ನು ಎರಡು ಪಾಲು ಮಾಡುತ್ತಾರೆ. ಒಂದಕ್ಕೆ ಕಿರಣ, ಇನ್ನೊಂದು ಹಾಗೇ. ಆಮೇಲೆ ಬೆಚ್ಚಗಿಟ್ಟು ಬೆಳೆಸಿ ಗಾಜಿನ ಮೇಲೆ ಹಾಕುವುದು. ಹೆಸರಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ಎಣಿಸುವವರಿಗೆ ಯಾರದೆಂದು ತಿಳಿಯಬಾರದು.

ಮೇಡಂ ಯಾವುದೋ ಹಳೆಯ ಸ್ಲೈಡನ್ನು ನನಗೆ ತೋರಿಸಿದರು. ಕ್ರೋಮೋಸೋಮಿನ ಒಂದು ತುಂಡು ಕಳಚಿ ಪಕ್ಕದಲ್ಲಿ ಬಿದ್ದಿತ್ತು — ಅಚ್ಚಿನಲ್ಲಿ ಒತ್ತಕ್ಷರ ಕಳಚಿಕೊಂಡ ಹಾಗೆ. ತಿದ್ದುವ ಗುರುತು ಹಾಕಲು ಕೈ ಹೋಯಿತು.

ಮಾರ್ಚ್ 19

ಲ್ಯಾಬಿನಿಂದ ಫೋನಿಲ್ಲ. ಪ್ರೆಸ್ಸಿನಲ್ಲಿ ಒಂದೇ ಪುಟ ಮತ್ತೆ ಮತ್ತೆ ಓದಿದೆ. ಅಕ್ಕ ತಣ್ಣೀರಲ್ಲಿ ಕೈಯಿಟ್ಟು ಬೆರಳೆಲ್ಲ ಸುಣ್ಣದಂತಾಗಿತ್ತು. ನನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿದೆ.

ಮಾರ್ಚ್ 24, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಲ್ಯಾಬಿಗೆ ಒಬ್ಬಳೇ ಹೋದೆ. “ಇಬ್ಬರದೂ ಹೆಚ್ಚುಕಮ್ಮಿ ಒಂದೇ ಥರ ಇದೆ” ಅಂದರು ಮೇಡಂ. ಸಂತೋಷಕ್ಕೆ ನಕ್ಕುಬಿಟ್ಟೆ. ಅವರು ನಗಲಿಲ್ಲ.

“ನಿಮ್ಮದೂ ಸಾಮಾನ್ಯಕ್ಕಿಂತ ಜಾಸ್ತಿ ಮುರಿದಿದೆಯಮ್ಮಾ. ಅವರಷ್ಟೇ. ಇಂಥವರ ಒಡಹುಟ್ಟಿದವರಲ್ಲೂ ಕೆಲವು ಸಲ ಹೀಗಿರುತ್ತೆ. ಹೋಲಿಕೆಗೆ ಹೊರಗಿನವರನ್ನ ತಗೋಬೇಕಿತ್ತು. ಎದುರಿಗೆ ಇದ್ರಿ ಅಂತ ನಾನು...”

“ನಂಗೂ ಬರುತ್ತಾ?”

“ಹಾಗೇನೂ ಅಲ್ಲ.” ಫೈಲು ಮುಚ್ಚುತ್ತ, “ಗೊತ್ತಿಲ್ಲ.”

ಹೊರಗೆ ಬರುತ್ತಲೇ ಅಕ್ಕನ ಫೋನು. “ಏನಂತೇ? ಬೇಗ ಬೊಗಳು.”

“ಇಬ್ಬರದೂ ಒಂದೇ ಥರ ಇದೆಯಂತೆ, ಆದ್ರೆ—”

ನನ್ನ ‘ಆದ್ರೆ’ ಕೇಳಿಸಿಕೊಳ್ಳಲು ಆ ಕಡೆ ಯಾರೂ ಇರಲಿಲ್ಲ. “ರೀ! ಒಂದೇ ಥರ ಅಂತೆ ಕಣ್ರೀ!” ಭಾವನನ್ನು ಕೂಗುತ್ತಿದ್ದಳು. ಅಳುತ್ತಿದ್ದಳು. ಫೋನು ಕಟ್ಟಾಯಿತು.

ಅದೇ ದಿನ, ಸಂಜೆ

ಅಕ್ಕ ಎರಡನೇ ಸಲ ಅನ್ನ ಹಾಕಿಸಿಕೊಂಡಳು. “ಕರೆಂಟ್ ಬಿಲ್ಲು ನನ್ನ ಲೆಕ್ಕಕ್ಕೆ” ಅಂತ ಭಾವನ ತಮಾಷೆ. ಹೇಳೋಣವೆಂದು ಪಾತ್ರೆ ತೊಳೆಯುವ ಕಡೆ ಹೋದೆ. ಅಕ್ಕ ಹಾಡು ಗುನುಗುತ್ತಿದ್ದಳು. ವಾಪಸ್ಸು ಬಂದೆ. ಮತ್ತೆ ಹೋದೆ. “ಯಾಕೇ ಬೆಕ್ಕಿನ ಥರ ಸುತ್ತುತೀಯಾ?” ಅಂದಳು. ನೀರು ಕುಡಿದು ಬಂದೆ.

ಮಾರ್ಚ್ 26

ಡಾಕ್ಟರ ಕೋಣೆ. ರಿಪೋರ್ಟು ಅವರ ಮುಂದಿತ್ತು. “ಇದರಿಂದ ಏನೂ ತಿಳಿಯೋ ಹಾಗಿಲ್ಲ. ತಂಗಿ ಎಲ್ಲ ಹೇಳಿದಾರಲ್ವಾ?”

“ಹೇಳಿದಾಳೆ ಸಾರ್. ಒಂದೇ ಥರ ಇದೆಯಲ್ಲ. ನಾನು ರೆಡಿ.”

ಡಾಕ್ಟರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ತಲೆ ಅಲ್ಲಾಡಿಸಿದೆನೋ ಏನೋ — ಅವರು ಅದನ್ನು ಹೌದು ಅಂದುಕೊಂಡರು. “ತೊಂದರೆ ಆಗಬಹುದು ಅಂತ ಗೊತ್ತಿದ್ದೂ ಒಪ್ತಿದೀರಿ. ಸರಿ, ನಾಳೆ ಬನ್ನಿ, ಕಿರಣ ಎಲ್ಲಿ ಬೀಳಬೇಕು ಅಂತ ಎದೆ ಮೇಲೆ ಗುರುತು ಹಾಕ್ತೀವಿ.”

ದಾರಿಯುದ್ದಕ್ಕೂ ಅಕ್ಕ ನನ್ನ ತೋಳು ಹಿಡಿದಿದ್ದಳು. “ನಿನ್ನ ರಕ್ತ ನೋಡಿ ಧೈರ್ಯ ಬಂತು ಕಣೇ.”

ಹೇಳಿದರೆ ಧೈರ್ಯ ಹೋಗುತ್ತದೆ. ಜೊತೆಗೆ ರೇಡಿಯೇಷನ್ನೂ. ಆಮೇಲೆ ಗಂಟು ಮರಳಿದರೆ? ಹೇಳದಿದ್ದರೆ, ಅವಳ ಎದೆ ಸುಟ್ಟರೆ, ಉಸಿರು ಕಟ್ಟಿದರೆ? ಯಾವ ಕಡೆ ವಾಲಿದರೂ ನಾನೇ ತಳ್ಳಿದಂತೆ. ಸರಿ ಯಾವುದೆಂದು ಡಾಕ್ಟರಿಗೇ ಗೊತ್ತಿಲ್ಲ. ನನಗೆ ಹೇಗೆ...

ಮಾರ್ಚ್ 27, ಬೆಳಿಗ್ಗೆ

ಭಾವ ಗಾಡಿ ತರಲು ಹೋಗಿದ್ದಾರೆ. ಅಕ್ಕ ಸ್ನಾನಕ್ಕೆ.

ಮಲಗುವುದೋ ಬಿಡುವುದೋ ಅವಳಿಷ್ಟ. ಮೈ ಅವಳದು. ಆದರೆ ನಾನು ಗಟ್ಟಿ ಅಂತ ನಂಬಿಕೊಂಡು ಮಲಗುವುದು ಬೇಡ. ಬಯ್ಯಲಿ. ಹೊಡೆಯಲಿ. ಇವತ್ತು ಹೋಗಲ್ಲ ಅನ್ನಲಿ. ಅಥವಾ ಎಲ್ಲ ಕೇಳಿಯೂ ಹೋಗಲಿ, ಜೊತೆಗೆ ಹೋಗುತ್ತೇನೆ.

ಬಚ್ಚಲ ಚಿಲಕ ತೆಗೆಯಲು ಒದ್ದಾಡುತ್ತಿದ್ದಾಳೆ. ಈ ಸಲ ಎದ್ದು ಹೋಗಿ, ಹೊರಗಿನಿಂದ ಬಾಗಿಲು ಒತ್ತಿ ಹಿಡಿದು ತೆಗೆಸುತ್ತೇನೆ. ಕೂರಿಸುತ್ತೇನೆ. ಮೊದಲು ನನ್ನ ರಕ್ತವೂ ಮುರಿದಿದೆ ಅಂತ ಹೇಳುತ್ತೇನೆ. ಆಮೇಲೆ... ಅಕ್ಕ ಕೂಗುತ್ತಿದ್ದಾಳೆ.