ಹುಲಿಗೆವ್ವನ ನಾನೂರ ಹನ್ನೆರಡು ಚುಕ್ಕಿಗಳು

ಫೆಬ್ರವರಿ ಮೂವತ್ತು, ೨೨೧೧
ಕೆಂಗಲ್ಲಾಪುರದ ರಾಶಿಯಂಗಳ

ಸರ್ವೆಯರ್ ಪಂಪಾಪತಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ಫೆಬ್ರವರಿಗೆ ನಾವು ಎರಡು ದಿನ ಸೇರಿಸಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ.

ನನ್ನ ಹೆಸರು ಗಾಳೆಮ್ಮ. ನಾನು ರಾಶಿಗಾತಿ, ಅಂದರೆ ಅದಿರು, ಮಣ್ಣು, ಜಲ್ಲಿಯ ರಾಶಿಗಳನ್ನು ಅಳೆಯುವವಳು. ಲೇಸರ್, ಕ್ಯಾಮೆರಾ ನಮ್ಮಲ್ಲೂ ಇವೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಆದರೆ ಯಂತ್ರ ಹೊರತೆಗೆಯುವ ಮೊದಲು ರಾಶಿಯ ಬುಡದಲ್ಲಿ ವಾಸಿಸುವ ಒಬ್ಬರ ಜೊತೆ ಪೂರ್ತಿ ಒಂದು ಸುತ್ತು ನಡೆಯಬೇಕು. ಅವರನ್ನು ಸುತ್ತುಸಾಕ್ಷಿ ಎನ್ನುತ್ತೇವೆ. ಹೆಚ್ಚಾಗಿ ಮುದುಕಿಯರೇ ಬರುತ್ತಾರೆ. ಬಿಸಿಲೇರುವ ಮೊದಲೇ ಮಂಡಕ್ಕಿ ಕಟ್ಟಿಕೊಂಡು ಬಂದು, ಎಲ್ಲಿ ಮಣ್ಣು ಸಡಿಲವಾಗಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂದು ತೋರಿಸುತ್ತಾ, ನಡುನಡುವೆ ನನ್ನ ಮದುವೆಯ ವಿಚಾರವನ್ನೂ ಕೆದಕುತ್ತಾರೆ. ಸ್ಕ್ಯಾನಿನಲ್ಲಿ ಅವರ ಆಕೃತಿ ಮೂಡಿದರೆ ನಾವು ಅಳಿಸುವುದಿಲ್ಲ. ಅಳಿಸಿದವರ ಕೈಗೆ ಮತ್ತೆ ಯಂತ್ರ ಕೊಡುವುದಿಲ್ಲ. ಈ ಕಟ್ಟಳೆಗೆ ಹನ್ನೆರಡೇ ವರ್ಷ. ನಿಮ್ಮ ಹಳೆಯ ಕಡತ ನನ್ನ ಕೈಗೆ ಸಿಕ್ಕ ವರ್ಷ ಹುಟ್ಟಿದ್ದು.

ನಿಮ್ಮ ಕಾಲದ ಲೆಕ್ಕದಲ್ಲಿ ಹೋದ ತಿಂಗಳು, ನೀವು ನಮ್ಮೂರ ಅದಿರುಪುಡಿಯ ರಾಶಿಯನ್ನು ಮೂರು ಕಡೆಯಿಂದ ಮಾತ್ರ ಸ್ಕ್ಯಾನ್ ಮಾಡಿದಿರಿ. ಹಿಂಬದಿಯಲ್ಲಿ ಕೆಸರಿತ್ತು. ನಿಮ್ಮದೇ ಕ್ಯಾಮೆರಾದ ಚಿತ್ರದಲ್ಲಿ ನಿಮ್ಮ ಹೊಸ ಶೂ ಚೆನ್ನಾಗಿ ಕಾಣುತ್ತದೆ. ಹುಲಿಗೆವ್ವ, ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಯಂತ್ರದ ಎದುರಿಗೇ ಬಂದು ಕೈ ಬೀಸಿದಳು. "ಯಪ್ಪಾ, ಹಿಂದಕ ಬಂದು ನೋಡು, ರಾಶಿ ಬಿರಕ ಬಿಟ್ಟೈತಿ" ಎಂದಳು. ಪಕ್ಕದಲ್ಲಿದ್ದ ಅವಳ ಮಗಳು ಕೇಳಿಸಿಕೊಂಡ ಆ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಆಫೀಸಿನಲ್ಲಿ ಕೂತು ನೀವು ಲೇಸರ್ ಮೂಡಿಸಿದ ಚುಕ್ಕಿಗಳನ್ನು ಶುಚಿ ಮಾಡಿದಿರಿ. ಅವಳ ಮೈಮೇಲೆ ಬಿದ್ದಿದ್ದವು ನಾನೂರ ಹನ್ನೆರಡು. ಕಸವೆಂದು ಗುರುತು ಹಾಕಿ ತೆಗೆದಿರಿ. ಕಾಣದ ಹಿಂಬದಿಯನ್ನು ಕಂಪ್ಯೂಟರ್ ನುಣ್ಣಗೆ ತುಂಬಿಕೊಟ್ಟಿತು, ಇಳಿಜಾರು ಭದ್ರವೆಂದು ನೀವು ಸಹಿ ಹಾಕಿದಿರಿ.

ನೀವು ಸಹಿ ಹಾಕಿದ ಒಂಬತ್ತನೆಯ ದಿನ ಬಿದ್ದ ಮಳೆಗೆ ರಾಶಿ ಕುಸಿಯಿತು. ಹುಲಿಗೆವ್ವನೂ ಇನ್ನಾರು ಮಂದಿಯೂ ಅದರಡಿ ಸಿಕ್ಕಿ ಸತ್ತರು. ಪುಡಿ ಆಯಲು ಅವಳೇ ಬುಡ ಅಗೆದಿದ್ದಳು, ಅಳತೆಯ ದಿನ ಅಲ್ಲಿ ಯಾರೂ ಇರಲಿಲ್ಲ ಎಂದು ನೀವು ಬರೆದುಕೊಟ್ಟಿರಿ.

ಅಂದಿನಿಂದ ನಮ್ಮ ಮನೆತನಕ್ಕೆ ಗುಡ್ಡ ಕೆಡವಿದವರು ಎಂಬ ಹೆಸರು. ನನ್ನ ಅಜ್ಜಿ ಜೀವನಪೂರ್ತಿ ನೀರಿನ ಸಾಲಿನ ಕೊನೆಯಲ್ಲಿ ನಿಂತಳು. ಅಕ್ಕನ ನಿಶ್ಚಿತಾರ್ಥ ಮುರಿಯಿತು. ಪಂಪಾಪತಿಯವರೇ, ನನಗೆ ನಿಮ್ಮ ಮೇಲಿರುವುದು ದ್ವೇಷ. ಅದನ್ನು ಮುಚ್ಚಿಡುವ ಸಂಕೋಚ ನನಗಿಲ್ಲ.

ಕಾಲದಲ್ಲಿ ಹಿಂದಕ್ಕೆ ಹೋಗುವ ನಮ್ಮ ಟಪಾಲಿಗೆ ಹಿಂದಂಚೆ ಎಂದು ಹೆಸರು. ಸತ್ತವರನ್ನು ಉಳಿಸುವ ಪತ್ರಗಳನ್ನು ಅದು ಒಯ್ಯುವುದಿಲ್ಲ. ಎಷ್ಟು ಕಾಡಿ ಬೇಡಿದರೂ ಒಪ್ಪಲಿಲ್ಲ. ಸೇಡಿನ ಪತ್ರಗಳಿಗೆ ಅಡ್ಡಿಯಿಲ್ಲವಂತೆ. ನಾಡಿದ್ದು ವಿಚಾರಣೆಯಲ್ಲಿ ನೀವು ಅದೇ ಸುಳ್ಳನ್ನು ಮತ್ತೆ ಹೇಳಲು ಸಿದ್ಧರಾಗಿದ್ದೀರಿ. ನಿಜ ಹೇಳಿ ಎಂದು ನಾನು ಕೈಮುಗಿಯುವುದಿಲ್ಲ.

ಒಬ್ಬರಿಗೆ ಎರಡು ಪತ್ರ ಕಳಿಸಲು ಬಿಡುತ್ತಾರೆ. ಮೊದಲನೆಯದನ್ನು, ಅಳಿಸುವ ಮುಂಚಿನ ಸ್ಕ್ಯಾನಿನ ಜೊತೆಗೆ, ನಿಮ್ಮ ಮಗಳು ಚಿನ್ಮಯಿಗೆ ಕಳಿಸಿದೆ. ಅದು ನಿನ್ನೆ ತಲುಪಿತು. ನಿನ್ನೆಯಿಂದ ಅವಳು ನಿಮ್ಮ ಜೊತೆ ಊಟಕ್ಕೆ ಕೂತಿಲ್ಲ, ತಲೆನೋವು ಎಂದಿದ್ದಾಳೆ. ಅವಳಿಗೆ ತಲೆನೋವಿಲ್ಲ.

ಗಾಳೆಮ್ಮ